ಹೂಂ ಅಂದ ಮೇಲೆ

ಅತ್ತೆ ತಮ್ಮ ಫೋನನ್ನು ದೊಡ್ಡವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ಇರಲಿ ಬಿಡೆ, ಚಿಕ್ಕವಳು ಸ್ನಾನ ಮುಗಿಸಿ ಬರಲಿ, ಅವಳಿಗೆ ಇದೆಲ್ಲ ನೀರು ಕುಡಿದ ಹಾಗೆ" ಎಂದರು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿ ಒಂದು ಮಾತು ಎಸೆಯಬಹುದಿತ್ತು. ಫೋನಿನ ಅಕ್ಷರಗಳು ಇದ್ದಕ್ಕಿದ್ದಂತೆ ಇರುವೆಯಷ್ಟು ಸಣ್ಣವಾಗಿಬಿಟ್ಟಿವೆ ಎಂದು ಅವರೇ ತಂದುಕೊಟ್ಟಿದ್ದು. ಅವಳು ಎರಡು ಕಡೆ ಒತ್ತಿ ನೋಡುವಷ್ಟರಲ್ಲಿ ವಾಪಸ್ಸು ಕೇಳಿದ್ದರು. ತಾನು ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಕೂತೇ ಅನ್ನ ಸಂಪಾದಿಸಿದವಳು ಎಂಬುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಂದು ಕಾಲಕ್ಕೆ ಬಂದವರಿಗೆಲ್ಲ ಹೇಳಿಕೊಂಡೂ ಇದ್ದರು. ಈಗಲೂ ಯಾರೂ ಅದನ್ನು ಸುಳ್ಳೆನ್ನುತ್ತಿರಲಿಲ್ಲ, ನೆನಪಿಸಿಕೊಳ್ಳುತ್ತಿರಲಿಲ್ಲ ಅಷ್ಟೆ. ಬಚ್ಚಲಿಂದ ಕೂದಲಿಗೆ ಟವಲು ಸುತ್ತಿಕೊಂಡು ಬಂದ ಚಿಕ್ಕವಳು ಫೋನನ್ನು ನೋಡಿದಳೋ ಇಲ್ಲವೋ, ಹೆಬ್ಬೆರಳಿನಲ್ಲಿ ಏನೋ ಸವರಿದಳು, ಅಕ್ಷರಗಳು ಉಬ್ಬಿ ನಿಂತವು. "ಅಬ್ಬ, ಹೋದ ಕಣ್ಣು ಬಂದ ಹಾಗಾಯ್ತು ನೋಡು" ಎಂದರು ಅತ್ತೆ. ದೊಡ್ಡವಳು ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. ತಾನೂ ಅದೇ ಜಾಗಕ್ಕೆ ಹೋಗಿದ್ದೆ, ಇನ್ನೊಂದು ಸಲ ಒತ್ತಿದ್ದರೆ ಆಗಿಬಿಡುತ್ತಿತ್ತು ಎಂದು ಹೇಳಬೇಕೆನಿಸಿತು. ಹೇಳಿದರೆ ಎಷ್ಟು ಸಣ್ಣ ಮಾತಾಗಿ ಕೇಳಿಸುತ್ತದೆ ಎಂದೂ ಗೊತ್ತಿತ್ತು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು.

ದೊಡ್ಡವಳ ಗಂಡ ಈ ಮನೆಯ ಹಿರಿಯ ಮಗ, ಮೈದುನನ ಹೆಂಡತಿ ಚಿಕ್ಕವಳು. ಆ ಹೆಸರುಗಳನ್ನು ಇಟ್ಟದ್ದು ಅತ್ತೆ. ಮೊದಮೊದಲು ಅನುಕೂಲಕ್ಕೆ, ಆಮೇಲೆ ಅಭ್ಯಾಸಕ್ಕೆ. ಚಿಕ್ಕವಳು ಬರುವ ತನಕ ತಾನು ಯಾವುದರಿಂದಲೂ ದೊಡ್ಡವಳಾಗಿರಲಿಲ್ಲ ಎಂದು ಅವಳು ಒಮ್ಮೆ ನಗುತ್ತಾ ಗಂಡನಿಗೆ ಹೇಳಿದ್ದಳು. "ಇರೋದು ಹಾಗೇ ತಾನೆ, ಎರಡನೇದು ಬಂದ್ಮೇಲೇ ಮೊದಲನೇದು" ಎಂದು ಆತ ಶೇವಿಂಗ್ ಕನ್ನಡಿಯಿಂದ ಮುಖ ತಿರುಗಿಸದೆ ಅಂದಿದ್ದ. ಮಗ ಲೆಕ್ಕ ಬಾರದಿದ್ದಾಗ ಪುಸ್ತಕ ಹಿಡಿದುಕೊಂಡು ಚಿಕ್ಕಮ್ಮನ ಕೋಣೆಗೆ ಹೋಗುತ್ತಾನೆ. ಅವರಿಬ್ಬರ ನಗು ಗೋಡೆ ದಾಟಿ ಬರುವಾಗ ದೊಡ್ಡವಳು ಮಡಚಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಾಳೆ. ಜಗಳಗಂಟಿ ಓರಗಿತ್ತಿ ಸಿಕ್ಕಿದ್ದರೆ ಲೋಕಕ್ಕೆಲ್ಲ ಹೇಳಿಕೊಂಡು ಹಗುರಾಗಬಹುದಿತ್ತು. ಚಿಕ್ಕವಳೋ, ತನ್ನ ತಟ್ಟೆಯ ಜೊತೆ ಇವಳ ತಟ್ಟೆಯನ್ನೂ ತೊಳೆದಿಡುವವಳು, ಅತ್ತೆ ಗೊಣಗಿದರೆ ಇವಳ ಪರವಾಗಿ ಮಾತಾಡುವವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ನಿದ್ದೆ ಹೋದವಳು. ಒಳ್ಳೆಯವಳ ಮೇಲಿನ ಹೊಟ್ಟೆಕಿಚ್ಚನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಂಡವರೇ ಕೆಟ್ಟವರಾಗುತ್ತಾರೆ.

ಇಬ್ಬರೂ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿತ್ತು. "ಅಕ್ಕ, ನೀನು ಕೂತ್ಕೋ, ನಿನ್ನ ಮೊಣಕಾಲು ನೋವು" ಎಂದು ಚಿಕ್ಕವಳು ಜೋರಾಗಿಯೇ ಹೇಳಿದಳು. ಪಕ್ಕದಲ್ಲಿ ನಿಂತಿದ್ದವರೆಲ್ಲ ಅವಳ ಮೊಣಕಾಲು ನೋಡಿದರು. ಕೂತಳು. ಕೂತು, ತನ್ನ ಮುಖದ ಮಟ್ಟಕ್ಕೆ ತೂಗುತ್ತಿದ್ದ ಚಿಕ್ಕವಳ ಚೀಲವನ್ನು ನೋಡುತ್ತಿದ್ದಂತೆ ಅದೇ ಚೀಲ ಹಿಡಿದುಕೊಂಡು ಅವಳು ಮೊದಲ ದಿನ ಕೃತಕ ಕಾಲಿನ ಕೇಂದ್ರದ ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಬಂತು. "ನನ್ನ ಓರಗಿತ್ತಿ, ತುಂಬಾ ಚುರುಕು, ಒಂದು ಅವಕಾಶ ಕೊಟ್ಟು ನೋಡಿ" ಎಂದು ಡಾಕ್ಟರಿಗೆ ಹೇಳಿದವಳು ತಾನೇ. ಆ ಹೊತ್ತು ಎಷ್ಟು ದೊಡ್ಡ ಮನಸ್ಸು ಇತ್ತು ತನಗೆ! ಕೊಡುವವಳ ಸುಖ ಅದು, ಕೊಟ್ಟದ್ದು ಪಡೆದವಳ ಕೈಯಲ್ಲಿ ಬೆಳೆಯುವ ತನಕ ಮಾತ್ರ ಇರುವಂಥದ್ದು. ಡಾಕ್ಟರು ಆ ಕೇಂದ್ರವನ್ನು ಕಟ್ಟಿ ಬೆಳೆಸಿದವರು, ಎಲ್ಲರಿಗೂ ನೀವು ತಾವು ಅನ್ನುವವರು. ಹೋದ ವಾರದ ಮೀಟಿಂಗಿನಲ್ಲಿ ಬಹಳ ಮೃದುವಾಗಿ ಹೇಳಿದ್ದರು: "ಹೊಸ ಪ್ರೋಗ್ರಾಮನ್ನ ಚಿಕ್ಕವರು ಕಟ್ಟಲಿ. ನೀವು ಪಕ್ಕದಲ್ಲಿರಿ. ಹಳೇದು ಗೊತ್ತಿರೋರು ಒಬ್ಬರು ಬೇಕಲ್ಲ." ಎಲ್ಲರೂ ತಲೆಯಾಡಿಸಿದ್ದರು. ಅವಳೂ ತಲೆಯಾಡಿಸಿದ್ದಳು, ಎಲ್ಲರಿಗಿಂತ ಜೋರಾಗಿ.

ಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ ಯಾವಾಗಲೂ ಒದ್ದೆ ಸುಣ್ಣದ ವಾಸನೆ. ಒಂದು ಕಡೆ ಅಳತೆ ಕೋಣೆ, ಅದರಾಚೆ ಪ್ಲಾಸ್ಟರಿನಲ್ಲಿ, ಕತ್ತರಿಸಿ ಉಳಿದ ಮೊಂಡುಗಾಲಿನ ಅಚ್ಚು ತೆಗೆಯುವ ಕೋಣೆ, ಕೊನೆಯಲ್ಲಿ ಉಜ್ಜುವ ಯಂತ್ರದ ಗುಯ್‌ಗುಟ್ಟುವಿಕೆ. ಬೆಂಚಿನ ಮೇಲೆ ಆಗಲೇ ಒಬ್ಬ ಹೆಂಗಸು ಅಳತೆ ಕೊಟ್ಟು ಮುಗಿಸಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತಿದ್ದಳು. ಬಟ್ಟೆ ಹೊಲಿಯುವ ಕಸುಬಿನವಳು. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅಚ್ಚು ತೆಗೆಯುವಾತ ಮೊಣಕೈಯವರೆಗೆ ಬಿಳಿ ಮೆತ್ತಿಕೊಂಡು ಹೊರಬಂದವನು, "ಕೈ ಕೆಸರಾದ್ರೆ ಬಾಯಿ ಮೊಸರಂತೆ, ನಮ್ಮ ಕೆಲಸದಲ್ಲಿ ಬಾಯಿಗೂ ಸುಣ್ಣವೇ" ಎಂದು ಉಗುಳುತ್ತಾ ನಗಿಸಿದ. ಹೊಲಿಗೆಯವಳು ನಕ್ಕು, ದೊಡ್ಡವಳ ಕಡೆ ತಿರುಗಿ, "ನಾಲ್ಕು ಸಲ ಅಳೆದ್ರಮ್ಮ, ನಾನೂ ರವಿಕೆಗೆ ಇಷ್ಟು ಸಲ ಅಳೆಯಲ್ಲ. ಮೊಂಡುಗಾಲು ಹಿಡಿದು ಟೇಪು ಬಿಗಿದಾಗ ಜೀವ ಹೋಗಿ ಬಂತು. ಆಯ್ತಲ್ಲ, ಇನ್ನು ಅಳೆಯೋದಿಲ್ಲ ತಾನೆ?" ಎಂದಳು. "ಇಲ್ಲ, ಕಂಪ್ಯೂಟರಿಗೆ ಸೇರಿಸಿಬಿಟ್ಟಿರ್ತಾರೆ, ಇನ್ನು ಕಾಲು ಹಾಕಿಕೊಳ್ಳೋಕೆ ಬಂದ್ರೆ ಸಾಕು" ಎಂದಳು ದೊಡ್ಡವಳು. ಹೇಳುವಾಗ ಒಂದು ಹಳೆಯ ಹೆಮ್ಮೆ ಎದೆಯಲ್ಲಿ ಅಲುಗಾಡಿತು. ಆ ಕಂಪ್ಯೂಟರಿನೊಳಗಿನದು ಅವಳು ಕಟ್ಟಿದ್ದು. ಮೊಂಡಿನ ಸುತ್ತಳತೆ ಮೇಲೆ ಎಷ್ಟು, ನಡುವೆ ಎಷ್ಟು, ಚರ್ಮ ಎಲ್ಲಿ ಸೂಕ್ಷ್ಮ, ಎಲುಬು ಎಲ್ಲಿ ಚುಚ್ಚುತ್ತದೆ, ಒಂದೊಂದಕ್ಕೂ ಒಂದೊಂದು ಕಾಲಂ ಇಟ್ಟು, ಡೇಟಾಬೇಸಿಗೆ ಕೇಳಬೇಕಾದ ಪ್ರತಿಯೊಂದು ಪ್ರಶ್ನೆಯನ್ನೂ ಕೈಯಾರೆ ಬರೆದವಳು. ಮಗ ಹೊಟ್ಟೆಯಲ್ಲಿದ್ದಾಗ ಶುರು ಮಾಡಿದ್ದು. ಹೆರಿಗೆ ನೋವು ಬಂದ ದಿನ ಕೂಡ ಗಂಡನ ಕೈಲಿ ಒಂದು ತಿದ್ದುಪಡಿ ಹೇಳಿ ಕಳಿಸಿದ್ದಳು, ಆತ ಅದನ್ನು ತಪ್ಪಾಗಿ ಒಪ್ಪಿಸಿದ್ದ.

ಅವರ ಕೋಣೆಗೆ ಕಿಟಕಿ ಒಂದೇ, ಅದರ ಪಕ್ಕದ ಮೇಜು ಈಗ ಚಿಕ್ಕವಳದ್ದು. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ತಾನೇ ಬಿಟ್ಟುಕೊಟ್ಟದ್ದು. ದೊಡ್ಡವಳು ತನ್ನ ಕುರ್ಚಿಯನ್ನು ಎಳೆದು ಅವಳ ಪಕ್ಕಕ್ಕೆ ಹಾಕಿಕೊಂಡಳು. ಇವತ್ತು ಹೊಸ ಕೆಲಸದ ಅಡಿಪಾಯ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿನ ಭಾಷೆಯನ್ನು ಓಡಿಸುವುದಕ್ಕೆ ಇಷ್ಟು ದಿನ ಇದ್ದ ರನ್‌ಟೈಮನ್ನು ಬಿಟ್ಟು ಹೊಸದೊಂದನ್ನು ತಂದಿದ್ದಳು ಚಿಕ್ಕವಳು. ಅದರ ಮೇಲೆ ಒಂದು ಖಾಲಿ ಪ್ರಾಜೆಕ್ಟು ಎಬ್ಬಿಸಿ, ಒಳಗೆ ಡೇಟಾಬೇಸ್ ಟೂಲ್‌ಕಿಟ್ ಒಂದನ್ನು ಕೂರಿಸಬೇಕು. ಆ ಟೂಲ್‌ಕಿಟ್ ಕೋಷ್ಟಕಗಳನ್ನು ತಾನೇ ಓದಿಕೊಳ್ಳುತ್ತದಂತೆ, ಪ್ರಶ್ನೆಗಳನ್ನು ತಾನೇ ಬರೆಯುತ್ತದಂತೆ. "ನೋಡು ಅಕ್ಕ, ಎಷ್ಟು ಬೇಗ" ಎಂದು ಚಿಕ್ಕವಳು ಒಂದು ಸಾಲು ಬಡಿದಳು. ದೊಡ್ಡವಳಿಗೆ ಗೊತ್ತಿದ್ದ ಕಾಲದಲ್ಲಿ ಇಂಥದನ್ನು ಇಳಿಸಿಕೊಳ್ಳುವಾಗ ಎದ್ದು ಹೋಗಿ ಚಹಾ ಕುಡಿದು ಬರಬಹುದಿತ್ತು. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. "ಹೌದಲ್ಲ" ಎಂದಳು. ಸುಸ್ತಾದವರ ದನಿಯಲ್ಲಿ ಬಂತು ಮಾತು.

"ಈಗ ನಿನ್ನ ಕೋಷ್ಟಕಗಳನ್ನ ಓದಿಸ್ತೀನಿ. ಅದಕ್ಕೆ ಮಾತ್ರ ನಿಜವಾದ ಡೇಟಾಬೇಸಿನ ವಿಳಾಸ ಕೊಡ್ತೀನಿ, ಸುಮ್ನೆ ಆಕಾರ ನೋಡ್ಕೊಳ್ಳುತ್ತೆ ಅಷ್ಟೆ, ಮುಟ್ಟಲ್ಲ. ಆಮೇಲಿನ ಆಟವೆಲ್ಲ ಟೆಸ್ಟ್ ಡೇಟಾಬೇಸಲ್ಲಿ" ಎಂದಳು ಚಿಕ್ಕವಳು. ನಿಜವಾದದ್ದು ಎಂದರೆ ಕೇಂದ್ರಕ್ಕೆ ಬಂದವರೆಲ್ಲರ ದಾಖಲೆ ಇರುವುದು. ಟೆಸ್ಟ್ ಎಂದರೆ ಪ್ರಯೋಗಕ್ಕೆಂದು ಮಾಡಿಟ್ಟ ನಕಲು. ಎರಡರಲ್ಲಿ ಯಾವುದರ ಬಾಗಿಲು ತಟ್ಟಬೇಕು ಎಂಬುದು ಒಂದು ಪುಟ್ಟ ಫೈಲಿನ ಒಂದೇ ಸಾಲಿನಲ್ಲಿರುತ್ತದೆ. ಚಿಕ್ಕವಳು ಆ ಸಾಲು ತುಂಬಿ, ಇನ್ನೊಂದು ಕಮಾಂಡು ಕೊಟ್ಟಳು. ಪರದೆಯ ಮೇಲೆ ದೊಡ್ಡವಳ ಕೋಷ್ಟಕಗಳು ಒಂದರ ಹಿಂದೊಂದು ಇಳಿಯತೊಡಗಿದವು. ರೋಗಿ. ಅಳತೆ. ಬಟ್ಟಲು, ಎಂದರೆ ಮೊಂಡು ಕೂರುವ ಭಾಗ. ಆ ಹೆಸರು ಸೂಚಿಸಿದ ಹಳೆಯ ಕುಶಲಕರ್ಮಿ ನಿವೃತ್ತನಾಗಿ ಎಷ್ಟೋ ಕಾಲವಾಗಿತ್ತು. ಯಾವುದಕ್ಕೆ ಯಾವುದು ಸಂಬಂಧ, ಯಾವುದು ಖಾಲಿ ಇರಬಹುದು, ಯಾವುದು ಇರಬಾರದು, ಎಲ್ಲವನ್ನೂ ಅದು ತಪ್ಪಿಲ್ಲದೆ ಗುರುತಿಸಿ ಅಚ್ಚುಕಟ್ಟಾಗಿ ಬರೆದಿತ್ತು. ತನ್ನ ಯೌವನವನ್ನು ಯಾರೋ ಉಸಿರು ತೆಗೆದುಕೊಳ್ಳದೆ ಓದಿ ಮುಗಿಸಿದ ಹಾಗೆ. ಮೆಚ್ಚಿಕೊಳ್ಳಬೇಕೋ ಬಟ್ಟೆ ಸರಿಮಾಡಿಕೊಳ್ಳಬೇಕೋ ತಿಳಿಯದೆ ಅವಳು ಮುಂದಕ್ಕೆ ಬಾಗಿದಳು.

"ಅಯ್ಯೋ ಅಕ್ಕ!" ಚಿಕ್ಕವಳು ಕಿಸಕ್ಕನೆ ನಕ್ಕಳು. "ಎತ್ತರ ಅನ್ನೋ ಕಾಲಮ್ಮಿನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡು. 'ಈ' ಮತ್ತು 'ಐ' ಅಕ್ಷರ ಅದಲುಬದಲಾಗಿವೆ. ಇಷ್ಟು ವರ್ಷ ಯಾರೂ ನೋಡೇ ಇಲ್ವಾ?"

ನೋಡಿದ್ದಳು. ಅವಳೇ ನೋಡಿದ್ದಳು, ಮೊದಲ ವರ್ಷವೇ. ಅಷ್ಟರಲ್ಲಿ ಆ ಹೆಸರು ಎಲ್ಲೆಲ್ಲೂ ಬೇರು ಬಿಟ್ಟಿತ್ತು, ಕಿತ್ತರೆ ಏನೇನು ಉರುಳುತ್ತದೋ ಎಂದು ಹೆದರಿ ಬಿಟ್ಟಿದ್ದಳು. ಬರೆದಾಗಲೆಲ್ಲ ಆ ತಪ್ಪನ್ನು ನೆನಪಿಟ್ಟುಕೊಂಡು ತಪ್ಪಾಗಿಯೇ ಬರೆಯುತ್ತಾ ಬಂದಿದ್ದಳು. "ಇರಲಿ, ಒಂದು ಸಾಲು ಹಾಕಿದ್ರೆ ಆಯ್ತು. ಹೊರಗೆ ಸರಿಯಾದ ಹೆಸರು ಕಾಣುತ್ತೆ, ಒಳಗೆ ನಿನ್ನ ಹಳೇದೇ ಇರುತ್ತೆ, ಯಾರಿಗೂ ಗೊತ್ತಾಗಲ್ಲ" ಎಂದು ಚಿಕ್ಕವಳು ಆ ಸಾಲು ಹಾಕಿಯೇಬಿಟ್ಟಳು. ಯಾರಿಗೂ ಗೊತ್ತಾಗಲ್ಲ. ಮಾನ ಮುಚ್ಚುವವರ ಎದುರಿನಷ್ಟು ಬೆತ್ತಲೆ ಇನ್ನೆಲ್ಲೂ ಆಗುವುದಿಲ್ಲ. ಮದುವೆಯ ಹೊಸತರಲ್ಲಿ ಇದೇ ಚಿಕ್ಕವಳು, ನೆಂಟರೆಲ್ಲ ಕೂತಿರುವಾಗ, ಇವಳ ಸೀರೆಗೆ ಹಿಂದುಗಡೆ ಅಂಟಿದ್ದ ಬೆಲೆಚೀಟಿಯನ್ನು ಯಾರಿಗೂ ಕಾಣದಂತೆ ಕಿತ್ತು ಅಂಗೈಯಲ್ಲಿ ಅಡಗಿಸಿಕೊಂಡಿದ್ದಳು. ಆ ಕ್ಷಣದಿಂದಲೇ ಇರಬೇಕು, ಥ್ಯಾಂಕ್ಸ್ ಎಂದ ಆ ಕ್ಷಣದಿಂದ, ಒಳಗೊಂದು ಸಣ್ಣ ಉರಿ ಹತ್ತಿಕೊಂಡದ್ದು.

ಡಾಕ್ಟರ ಕರೆ ಬಂತು. ಚಿಕ್ಕವಳು ಕೀಲಿಮಣೆಯ ಮೇಲೆ ಇನ್ನೇನೋ ಪಟಪಟ ಬಡಿದು, "ಐದು ನಿಮಿಷ, ಬಂದೆ" ಎಂದು ಎದ್ದು ಹೋದಳು. ದೊಡ್ಡವಳು ಖಾಲಿ ಕುರ್ಚಿಯ ಪಕ್ಕ ಒಬ್ಬಳೇ ಉಳಿದಳು. ಪರದೆಯ ಮೇಲೆ ಆ ಪುಟ್ಟ ಫೈಲು ತೆರೆದೇ ಇತ್ತು, ವಿಳಾಸದ ಸಾಲು ಹಾಗೇ ಇತ್ತು. ನಿಜವಾದದ್ದರ ವಿಳಾಸ. ಅವಳು ಅದನ್ನು ಎರಡು ಸಲ ಓದಿದಳು. ನಿದ್ದೆಗಣ್ಣಲ್ಲೂ ಹೇಳಬಲ್ಲ ವಿಳಾಸ ಅದು, ಅವಳೇ ಇಟ್ಟದ್ದು. ಚಿಕ್ಕವಳು ಬದಲಾಯಿಸಲು ಮರೆತಿದ್ದಾಳೆ. ಅಯ್ಯೋ ಎಂದು ಮೊದಲು ಅನಿಸಿದ್ದು ನಿಜ, ಕೈ ಕೀಲಿಮಣೆಯ ಕಡೆ ಚಾಚಿದ್ದೂ ನಿಜ. ಮುಂದಿನ ಕಮಾಂಡು ಸುಮ್ಮನೆ ಓದುವಂಥದ್ದಲ್ಲ, ತಿದ್ದುವಂಥದ್ದು. ಕೈ ಅರ್ಧ ದಾರಿಯಲ್ಲಿ ನಿಂತಿತು. ಕೆಟ್ಟ ಯೋಚನೆಯೇನೂ ಬಂದಿರಲಿಲ್ಲ ಇನ್ನೂ. ಮರೆತಿದ್ದಾಳೆ ಎಂಬ ಮಾತೊಂದೇ ಬಾಯಲ್ಲಿ ಬೆಲ್ಲದಂತೆ ಕರಗುತ್ತಿತ್ತು. ಇವಳೂ ಮರೆಯುತ್ತಾಳೆ. ಅದನ್ನು ಇನ್ನೊಂದಿಷ್ಟು ಹೊತ್ತು ಹಾಗೇ ಇಟ್ಟುಕೊಂಡಿರಬೇಕೆನಿಸಿತು. ಬಂದಮೇಲೆ ಹೇಳಿದರಾಯಿತು. ಹಗುರಾಗಿ, ನಗುತ್ತಾ ಹೇಳಬೇಕು, 'ಏನಮ್ಮ ಜಾಣೆ, ವಿಳಾಸ?' ಎಂದು. ಅವಳು ನಾಲಿಗೆ ಕಚ್ಚಿಕೊಳ್ಳುವುದನ್ನು ನೋಡಬೇಕು. ದೊಡ್ಡವಳು ಆ ಮಾತನ್ನು ಎರಡು ಮೂರು ಬಗೆಯಲ್ಲಿ ಮನಸ್ಸಿನಲ್ಲೇ ಆಡಿ ನೋಡಿದಳು. ಹೊರಗೆ ಉಜ್ಜುವ ಯಂತ್ರ ನಿಂತು ಮತ್ತೆ ಶುರುವಾಯಿತು.

ಚಿಕ್ಕವಳು ಬಂದದ್ದು ಮುಖ ಕೆಂಪೇರಿಸಿಕೊಂಡು. "ಅಕ್ಕ, ಕೇಳು! ಬೇರೆ ಕೇಂದ್ರದವರಿಗೂ ಇದನ್ನ ತೋರಿಸ್ಬೇಕಂತೆ. ಅವರೆಲ್ಲ ಇಲ್ಲಿಗೇ ಬರ್ತಾರಂತೆ, ನಾನು ಮಾತಾಡ್ಬೇಕಂತೆ. ನಂಗೆ ಕೈಕಾಲು ನಡುಗ್ತಿದೆ. ನೀನೂ ಪಕ್ಕದಲ್ಲಿರ್ತೀಯ ಅಲ್ವಾ? ನೀನಿದ್ರೆ ಧೈರ್ಯ ಕಣೆ." ಪಕ್ಕದಲ್ಲಿ. ದೊಡ್ಡವಳು ಬಾಯಿ ತೆರೆದಳು. 'ಏನಮ್ಮ ಜಾಣೆ' ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದರ ಹಗುರು ಹೋಗಿಬಿಟ್ಟಿತ್ತು. "ಇರ್ತೀನಿ" ಎಂದಳು. ಹೀಗೆ ಯಾರೂ ಎಲ್ಲಿಂದಲೂ ಬಂದಿರಲಿಲ್ಲ ಅವಳ ಕೋಷ್ಟಕಗಳನ್ನು ನೋಡುವುದಕ್ಕೆ. ಒಮ್ಮೆ, ಎಲ್ಲ ಮುಗಿದು ಮೊದಲ ರೋಗಿಯ ದಾಖಲೆ ಪರದೆಯ ಮೇಲೆ ಬಂದಾಗ, ಡಾಕ್ಟರು "ಬರ್ತಿದೆಯಾ? ಸರಿ" ಎಂದು ಕನ್ನಡಕ ಒರೆಸಿಕೊಂಡು ಹೋಗಿದ್ದರು. ಅವತ್ತು ಮನೆಗೆ ಸಿಹಿ ತಂದು, ಯಾಕೆಂದು ಯಾರೂ ಕೇಳದಿದ್ದುದರಿಂದ, ಸುಮ್ಮನೆ ಹಂಚಿದ್ದಳು.

ಚಿಕ್ಕವಳು ಕೂತು ಕಮಾಂಡು ಬಡಿದಳು. ಪರದೆಯಲ್ಲಿ ಸಾಲುಗಳು ಮೇಲೆ ಮೇಲೆ ಓಡಿದವು. ದೊಡ್ಡವಳು ಅವನ್ನು ಓದಲಿಲ್ಲ, ಚಿಕ್ಕವಳ ಕಿವಿಯ ಹಿಂದೆ ಅಂಟಿದ್ದ ಒದ್ದೆ ಕೂದಲನ್ನೇ ನೋಡುತ್ತಿದ್ದಳು. ಟೂಲ್‌ಕಿಟ್ ನಿಂತು ಒಂದು ಪ್ರಶ್ನೆ ಕೇಳಿತು. ಚಿಕ್ಕವಳು ಅದನ್ನು ತನ್ನ ಮಾತಿನಲ್ಲಿ ಜೋರಾಗಿ ಓದಿದಳು: "ಇಲ್ಲಿರೋ ಕೋಷ್ಟಕಕ್ಕೂ ನನ್ನ ಹತ್ತಿರ ಇರೋ ತಿದ್ದುಪಡಿಗಳ ಇತಿಹಾಸಕ್ಕೂ ತಾಳೆ ಆಗ್ತಿಲ್ಲ, ಎಲ್ಲ ಅಳಿಸಿ ಮೊದಲಿಂದ ಕಟ್ಬೇಕು, ಇರೋ ಮಾಹಿತಿ ಪೂರ್ತಿ ಹೋಗುತ್ತೆ, ಮುಂದುವರಿಯಲಾ ಅಂತಿದೆ. ಹೋದ್ರೆ ಹೋಗ್ಲಿ, ಟೆಸ್ಟ್ ತಾನೆ." ಬೆರಳು ಕೀಲಿಯ ಮೇಲಿಟ್ಟುಕೊಂಡು ತಿರುಗಿದಳು. "ಹೂಂ ಅನ್ಲಾ ಅಕ್ಕ?"

ಇಂಥ ಹೊತ್ತಿನಲ್ಲಿ ಮನಸ್ಸು ಎಷ್ಟು ಚೊಕ್ಕವಾಗಿ ಲೆಕ್ಕ ಹಾಕುತ್ತದೆ ಎಂದು ಅವಳಿಗೆ ಆಮೇಲೆ ಆಶ್ಚರ್ಯವಾಗಲಿತ್ತು. ದಿನಾ ರಾತ್ರಿ ತಾನಾಗಿ ಒಂದು ಪ್ರತಿ ತೆಗೆದಿಡುವ ಏರ್ಪಾಡು ಇತ್ತು, ಅವಳೇ ಮಾಡಿದ್ದು. ಹೋಗುವುದೆಂದರೆ ಇವತ್ತಿನ ಬೆಳಗು ಮಾತ್ರ. ಮಧ್ಯಾಹ್ನದೊಳಗೆ ಎಲ್ಲವನ್ನೂ ಮರಳಿ ತಂದುಕೊಡುವವಳು ತಾನೇ. ಗಾಬರಿ, ಓಡಾಟ, ಡಾಕ್ಟರ ಗಂಟಿಕ್ಕಿದ ಹುಬ್ಬು. ಚಿಕ್ಕವಳು ಅಳುತ್ತಾ ನಿಂತಿರುತ್ತಾಳೆ, ತಾನು ಅವಳ ಬೆನ್ನು ಸವರಿ, 'ಎಲ್ಲರಿಗೂ ಆಗುತ್ತೆ ಬಿಡು' ಎನ್ನುತ್ತೇನೆ. ಎಷ್ಟು ಪ್ರೀತಿಯಿಂದ ಅನ್ನುತ್ತೇನೆ! ಆ ಪ್ರೀತಿ ನಿಜವೂ ಆಗಿರುತ್ತದೆ. ಇದೆಲ್ಲ ಯೋಚಿಸಿದಳೋ, ಇಲ್ಲ ಯೋಚನೆ ಮೊದಲೇ ಅಲ್ಲಿ ಮೂಲೆಯಲ್ಲಿ ಕೂತು ಕಾಯುತ್ತಿತ್ತೋ. ಚಿಕ್ಕವಳ ಕಣ್ಣಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಅದೇ ಕೊನೆಗೆ ತಡೆಯಲಾಗದೆ ಹೋದದ್ದು.

"ಹೂಂ" ಎಂದಳು ದೊಡ್ಡವಳು.

ಚಿಕ್ಕವಳು ಕೀಲಿ ಒತ್ತಿದಳು. ಎಲ್ಲ ಅಳಿಸಲಾಗಿದೆ ಎಂದು ಹಸಿರು ಅಕ್ಷರದಲ್ಲಿ ಬಂತು. ಎಂಥದೋ ಒಂದು ನೆಮ್ಮದಿ, ತುಂಬಾ ಹೊತ್ತು ಹೊತ್ತಿದ್ದನ್ನು ಇಳಿಸಿದ ಹಾಗೆ, ಅವಳ ಭುಜಗಳಿಂದ ಕೆಳಗೆ ಜಾರಿತು. ಅದರ ಬೆನ್ನಿಗೇ ಹೊಲಿಗೆಯವಳ ದನಿ ಬಂತು. ಮೊಂಡುಗಾಲು ಹಿಡಿದು ಟೇಪು ಬಿಗಿದಾಗ ಜೀವ ಹೋಗಿ ಬಂತು. ಇವತ್ತಿನ ಬೆಳಗು ಮಾತ್ರ ಎಂದರೆ ಆ ಬೆಂಚಿನ ಮೇಲೆ ಕೂತಿದ್ದವರು. ಅವರನ್ನು ಮತ್ತೆ ಕೋಣೆಗೆ ಕರೆದು, ಬಟ್ಟೆ ಸರಿಸಿ, ಇನ್ನೂ ಹಸಿಯಾಗಿರುವ ಮೊಂಡನ್ನು ಹಿಡಿದು. ಎದುರಿನವರಿಗೆ ಅಪಶಕುನ ಆಗಲಿ ಅಂತ ಮೂಗು ಕೊಯ್ದುಕೊಳ್ಳುವವರಿರುತ್ತಾರೆ. ತಾನು ಕೊಯ್ದದ್ದು ತನ್ನ ಮೂಗನ್ನೂ ಅಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಏನಾಯ್ತು ಅಕ್ಕ?" ಎಂದಳು ಚಿಕ್ಕವಳು. "ಬಂದೆ" ಎಂದವಳೇ ಪಡಸಾಲೆಗೆ ಓಡಿದಳು. ಓಡಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಅಳತೆಗಳನ್ನು ಇನ್ನೂ ಯಾರಾದರೂ ತಲೆಯಲ್ಲಿ ನೆನಪಿಟ್ಟುಕೊಂಡಿದ್ದರೆ, ಬರೆದುಕೊಂಡಾದರೂ ಬಿಡಬಹುದಲ್ಲ ಎಂಬಂಥ ಒಂದು ಅರೆಬರೆ ಯೋಚನೆ ಇತ್ತು.

ಮುಂದಿನ ಕೌಂಟರಿನ ಹುಡುಗಿ ಹೊಲಿಗೆಯವಳ ದಾಖಲೆ ತೆರೆದುಕೊಂಡು ಬರಬೇಕಾದ ದಿನ ಹೇಳುತ್ತಿದ್ದಳು. ಪರದೆಯ ಮೇಲೆ ಅಳತೆಗಳೆಲ್ಲ ಇದ್ದವು. ಮೊದಲೇ ತೆರೆದಿಟ್ಟಿದ್ದರಿಂದ ಇವೆ, ಇದು ಹೋದ ಜೀವದ ನೆರಳು ಎಂದುಕೊಂಡಳು ದೊಡ್ಡವಳು.

"ಮುಚ್ಚಿ ಇನ್ನೊಂದ್ಸಲ ತೆಗಿ."

"ಯಾಕೆ ಮೇಡಂ?"

"ತೆಗಿ ಅಂದೆ!"

ಹುಡುಗಿ ಬೆದರಿ ಮುಚ್ಚಿ ತೆರೆದಳು. ಅಳತೆಗಳು ಬಂದವು. ಮೇಲಿನ ಸುತ್ತಳತೆ, ನಡುವಿನದು, ಎಲುಬು ಚುಚ್ಚುವ ಜಾಗ, ಒಂದೂ ಬಿಡದೆ. ಬೇರೆಯವರದ್ದು ತೆಗೆಸಿದಳು, ಅದೂ ಬಂತು. ಹೋದ ತಿಂಗಳಿನದು, ಹೋದ ವರ್ಷದ್ದು, ಅವಳು ಹೇಳಿದ್ದೆಲ್ಲ ಬಂತು. ಹೊಲಿಗೆಯವಳು ಊರುಗೋಲು ಊರಿಕೊಂಡು ಹತ್ತಿರ ಬಂದು ಅವಳ ಮುಖ ನೋಡಿದಳು. "ಏನಮ್ಮ, ಹೀಗೆ ಹುಡುಕ್ತಿದೀರಿ? ಹೊಸ ಕಾಲೂ ಕಳೆದುಹೋಯ್ತಾ? ಒಂದು ಕಳ್ಕೊಂಡಿದ್ದು ಸಾಕಮ್ಮ!" ಎಂದು ತಾನೇ ಗಟ್ಟಿಯಾಗಿ ನಕ್ಕಳು, ಕೌಂಟರಿನ ಹುಡುಗಿಯೂ ನಕ್ಕಳು. ದೊಡ್ಡವಳು ಮೇಜಿನ ಅಂಚು ಹಿಡಿದುಕೊಂಡು, "ಇಲ್ಲಮ್ಮ, ಇದೆ, ಇಲ್ಲೇ ಇದೆ" ಎಂದಳು.

ವಾಪಸ್ಸು ನಡೆಯುವಾಗ ಪಡಸಾಲೆ ಬಹಳ ಉದ್ದವಾಗಿತ್ತು. ಚಿಕ್ಕವಳು ಆರಾಮಾಗಿ ಟೆಸ್ಟ್ ಕೋಷ್ಟಕಗಳಿಗೆ ಸುಳ್ಳು ಹೆಸರುಗಳನ್ನು ತುಂಬುತ್ತಿದ್ದಳು. "ಆ ಫೈಲಲ್ಲಿ ನಿಜವಾದದ್ದರ ವಿಳಾಸವೇ ಇದೆಯಲ್ಲ" ಎಂದಳು ದೊಡ್ಡವಳು, ನಿಂತೇ.

"ಅದಾ? ಇದೆ, ಇರಲಿ ಅಂತ ಬಿಟ್ಟೆ. ಹೋಗೋಕೆ ಮುಂಚೆ ಈ ಕಂಪ್ಯೂಟರಿಗೆ ಮಾತ್ರ ಅಂತ ಇನ್ನೊಂದು ಲೋಕಲ್ ಫೈಲ್ ಮಾಡಿ ಟೆಸ್ಟ್ ವಿಳಾಸ ಅದರಲ್ಲಿ ಹಾಕ್ದೆ. ಈ ರನ್‌ಟೈಮು ಎರಡನ್ನೂ ತಾನೇ ಓದ್ಕೊಳ್ಳುತ್ತೆ, ಎರಡಿದ್ರೆ ಲೋಕಲ್ಲಿನ ಮಾತೇ ಮೇಲು. ಹಳೇದ್ರಲ್ಲಿ ಹಾಗಿರ್ಲಿಲ್ಲ ಅಲ್ವಾ, ನಾವೇ ಹೇಳಿ ಓದಿಸ್ಬೇಕಿತ್ತು." ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತು. "ಅಯ್ಯೋ ಅದಕ್ಕೇನಾ ನೀನು ಹಾಗೆ ಎದ್ದು ಓಡಿದ್ದು? ಗಾಬರಿಯಾಯ್ತಾ? ಪಾಪ, ನಾನು ಮೊದಲೇ ಹೇಳ್ಬೇಕಿತ್ತು ಕಣೆ. ನೋಡು, ಇದಕ್ಕೇ ನೀನು ಬೇಕು ಅನ್ನೋದು. ನಾನು ಡಾಕ್ಟರಿಗೂ ಹೇಳ್ತೀನಿ, ಇನ್ಮೇಲೆ ಅಳಿಸೋ ಕೆಲಸ ಏನಿದ್ರೂ ಅಕ್ಕ ಹೂಂ ಅಂದ್ಮೇಲೇ ಅಂತ."

ಸುಮ್ಮನಿದ್ದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಏನೂ ಆಗಿರಲಿಲ್ಲ. ಜಗತ್ತಿನಲ್ಲಿ ಒಂದು ಅಳತೆಯೂ ಕಳೆದಿರಲಿಲ್ಲ. ತನ್ನ ಕೇಡು ಕೂಡ ಹಳೆಯ ಕಾಲದ್ದಾಗಿತ್ತು, ಹೊಸ ರನ್‌ಟೈಮಿನ ಒಂದು ಸಣ್ಣ ನಿಯಮ ಗೊತ್ತಿಲ್ಲದೆ ಅದು ನೆಲ ಕಚ್ಚಿತ್ತು. ದೊಡ್ಡವಳಿಗೆ ನಗು ಬರುವಂತಾಯಿತು. ಈ ನಗುವನ್ನೂ ತಾನೊಬ್ಬಳೇ ನುಂಗಬೇಕು, ಇನ್ನು ಮುಂದೆ ಪ್ರತಿ ಸಲ ಇವಳು ತಿರುಗಿ, ಬೆರಳು ಕೀಲಿಯ ಮೇಲಿಟ್ಟುಕೊಂಡು, ಇದೇ ಕಣ್ಣಿನಿಂದ ಕೇಳುತ್ತಾಳೆ. ಅದನ್ನು ತಾಳಲಾರೆ ಅನಿಸಿತೋ, ಅಥವಾ ಇವತ್ತು ತಾನೊಬ್ಬಳೇ ತಾನಾಗಿ ಮಾಡಿದ ಒಂದೇ ಕೆಲಸ ಇವಳಿಗೆ ಗೊತ್ತಾಗದೆ ಹೋಗುವುದನ್ನು ತಾಳಲಾರೆ ಅನಿಸಿತೋ, ಅದನ್ನು ಅವಳು ಎಂದೂ ಬಗೆಹರಿಸಿಕೊಳ್ಳಲಾಗಲಿಲ್ಲ.

"ನೀನು ಕೇಳಿದಾಗ್ಲೇ ನಂಗೆ ಗೊತ್ತಿತ್ತು" ಎಂದಳು.

"ಏನು?"

"ವಿಳಾಸ. ನೀನು ಹೋದಾಗ ನೋಡಿದ್ದೆ. ನಿಜವಾದದ್ದೇ ಅಳಿಸಿಹೋಗುತ್ತೆ ಅಂದ್ಕೊಂಡಿದ್ದೆ."

ಚಿಕ್ಕವಳ ನಗು ಹಾಗೇ ನಿಂತಿತ್ತು, ಮಾತಿನ ಉಳಿದ ಅರ್ಧಕ್ಕೆ ಕಾಯುತ್ತಾ. "ಅಂದ್ಕೊಂಡು?"

"ಅಂದ್ಕೊಂಡೇ ಹೂಂ ಅಂದೆ."

ಉಜ್ಜುವ ಯಂತ್ರದ ಸದ್ದು ಗೋಡೆಯ ಒಳಗಿಂದ ಬರುತ್ತಿತ್ತು. ಚಿಕ್ಕವಳು ಪರದೆಯ ಕಡೆ ನೋಡಿದಳು, ಮತ್ತೆ ಇವಳ ಕಡೆ, ಮತ್ತೆ ಪರದೆಯ ಕಡೆ. ತಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಒಂದು ಸಲ ಅವಳ ಹುಬ್ಬು ಮೇಲೇರಿತು, ದೊಡ್ಡವಳ ಮುಖ ನೋಡಿ ಇಳಿಯಿತು. ನಿಧಾನವಾಗಿ ಕೈಯನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈಯಲಿ, ಅಳಲಿ, ಯಾಕೆ ಎಂದಾದರೂ ಕೇಳಲಿ ಎಂದು ದೊಡ್ಡವಳು ಕಾದಳು. ಯಾಕೆ ಎಂದು ಕೇಳಿದರೆ ಹೇಳುವುದಕ್ಕೆ ಏನೆಲ್ಲ ಇತ್ತು! ಅತ್ತೆಯ ಫೋನು, ಮಗನ ಲೆಕ್ಕದ ಪುಸ್ತಕ, ಬಸ್ಸಿನ ಸೀಟು, ಸೀರೆಯ ಚೀಟಿ. ಒಂದೊಂದನ್ನೂ ಬಾಯಿಗೆ ತಂದುಕೊಂಡು ನೋಡಿದಳು, ಎಲ್ಲವೂ ಉಪಕಾರದ ಲೆಕ್ಕಗಳೇ.

ಚಿಕ್ಕವಳು ಕೇಳಲಿಲ್ಲ. ಕೀಲಿಮಣೆಯನ್ನು ಎತ್ತಿ ಇವಳ ಕಡೆ ಸರಿಸಿದಳು, ಪರದೆಯನ್ನೂ ಇವಳ ಕಡೆ ತಿರುಗಿಸಿದಳು, ತನ್ನ ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ಎಳೆದುಕೊಂಡಳು.

"ಕೂತ್ಕೊಳ್ಳಿ" ಎಂದಳು.

ಮದುವೆಯಾಗಿ ಮನೆಗೆ ಬಂದ ಮರುದಿನವೇ, ಅತ್ತೆ ತಿದ್ದಿದರೂ ಕೇಳದೆ, 'ಅಕ್ಕನಿಗೆ ಯಾರಾದ್ರೂ ನೀವು ಅಂತಾರಾ' ಎಂದು ಇವಳನ್ನು 'ನೀನು' ಎಂದೇ ಕರೆದವಳು. ದೊಡ್ಡವಳು ಕೂತಳು.

"ಇನ್ನು ಮುಂದಿನದು ನೀವು ಮಾಡಿ. ಒಂದೊಂದು ಕಮಾಂಡೂ ಕೊಡೋಕೆ ಮುಂಚೆ ಜೋರಾಗ್ ಓದಿ. ಅದು ಹೇಳೋದನ್ನೂ ಪೂರ್ತಿ ಓದಿ. ನಾನು ಕೇಳಿಸ್ಕೊತೀನಿ."

ದನಿಯಲ್ಲಿ ನಡುಕವಿರಲಿಲ್ಲ, ವಿಷವೂ ಇರಲಿಲ್ಲ. ಏರದೆ, ಚೆಲ್ಲದೆ, ಎಷ್ಟು ಬೇಕೋ ಅಷ್ಟೇ ಸಿಟ್ಟು, ಇಡಬೇಕಾದ ಜಾಗದಲ್ಲಿ ಇಟ್ಟದ್ದು. ತಾನು ಹೀಗೆ ಒಂದು ಸಲವಾದರೂ ಸಿಟ್ಟು ಮಾಡಿಕೊಳ್ಳಬಲ್ಲವಳಾಗಿದ್ದರೆ ಎಂದುಕೊಂಡಳು ದೊಡ್ಡವಳು. ಎಂದುಕೊಂಡಾಗ ಹೊಟ್ಟೆಯೊಳಗೆ ಅದೇ ಉರಿ ಮತ್ತೆ ಹತ್ತಿಕೊಂಡದ್ದು ತಿಳಿಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕನ್ನಡಕ ಸರಿಮಾಡಿಕೊಂಡು, ಪರದೆಯ ಮೊದಲ ಸಾಲನ್ನು ಹುಡುಕಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದತೊಡಗಿದಳು. ಒಂದು ಕಡೆ ತಡವರಿಸಿ ನಿಂತಳು.

"ಮುಂದೆ" ಎಂದಳು ಚಿಕ್ಕವಳು, ಬೆನ್ನ ಹಿಂದಿನಿಂದ.